ಸಿಲಿಂಡರ್‌ನ ಅಡ್ಡ ಹಿಗ್ಗು: ಪಾಯ್ಸನ್ ಅನುಪಾತ 0.10, 0.21, 0.31 ಬರ್ತಿದೆ, ಯಾವುದು ಸರಿ?

ಕ್ಯೂಬ್_ಮೌಲ್ಡ್:
ಎಂ25 ಕಾಂಕ್ರೀಟ್, 150×300 ಮಿ.ಮೀ. ಸಿಲಿಂಡರ್, 28 ದಿನ ಕ್ಯೂರಿಂಗ್ ಆಗಿದೆ. ಮೂರು ರಿಂಗಿನ ಎಕ್ಸ್‌ಟೆನ್ಸೋಮೀಟರ್ ಕಟ್ಟಿ ಉದ್ದದ ಕುಗ್ಗು, ಅಡ್ಡ ಹಿಗ್ಗು ಎರಡನ್ನೂ ಒಟ್ಟಿಗೇ ಅಳೀತಿದ್ದೇವೆ. ಉದ್ದಕ್ಕೆ 0.002 ಮಿ.ಮೀ. ಡಯಲ್, ನಡುವಿನ ರಿಂಗಿಗೆ 0.01 ಮಿ.ಮೀ. ಡಯಲ್. 140 ಕಿಲೋನ್ಯೂಟನ್‌ಗೆ ಉದ್ದದ ಸ್ಟ್ರೇನ್ ಮೂರು ಸಿಲಿಂಡರಲ್ಲೂ ಹೆಚ್ಚುಕಡಿಮೆ 320 ಮೈಕ್ರೋಸ್ಟ್ರೇನ್ (ಮೂಲ ಉದ್ದದ ಹತ್ತು ಲಕ್ಷದಲ್ಲಿ 320 ಪಾಲು). ಪಾಯ್ಸನ್ ಅನುಪಾತ (ಅಡ್ಡ ಸ್ಟ್ರೇನ್ ಭಾಗಿಸು ಉದ್ದದ ಸ್ಟ್ರೇನ್) ಮಾತ್ರ 0.10, 0.21, 0.31. ಒಂದೇ ಬ್ಯಾಚಿಗೆ ಇಷ್ಟು ವ್ಯತ್ಯಾಸ ಹೇಗೆ? ಸರಾಸರಿ 0.21 ಬರುತ್ತೆ, ಅದನ್ನೇ ರಿಪೋರ್ಟಿಗೆ ಹಾಕಬಹುದಾ?

ಮೈಕ್ರಾನ್_ಲೆಕ್ಕ:
ಹಾಕಬೇಡಿ. ಆ ಮೂರು ಅಂಕಿ ಹುಟ್ಟಿದ್ದು ನಿಮ್ಮ ಡಯಲ್‌ನಿಂದ. ನಡುವಿನ ರಿಂಗಿಗೆ ಒಂದು ಕಡೆ ಹಿಂಜ್, ಎದುರು ಕಡೆ ಡಯಲ್. ಎರಡೂ ಸಿಲಿಂಡರ್ ನಡುವಿನಿಂದ ಸಮದೂರದಲ್ಲಿದ್ದರೆ, ವ್ಯಾಸ ಹಿಗ್ಗಿದ್ದರ ಎರಡರಷ್ಟನ್ನು ಡಯಲ್ ತೋರಿಸುತ್ತೆ. ಅಂದರೆ ಒಂದು ಗೆರೆ 0.01 ಆದರೆ ವ್ಯಾಸ ಹಿಗ್ಗಿದ್ದು 0.005 ಮಿ.ಮೀ. ಅದನ್ನು 150ರಿಂದ ಭಾಗಿಸಿ: 33 ಮೈಕ್ರೋಸ್ಟ್ರೇನ್. 320ರಿಂದ ಭಾಗಿಸಿ: 0.10. ಎರಡು ಗೆರೆಗೆ 0.21, ಮೂರಕ್ಕೆ 0.31. ನಿಮ್ಮ ಮೂರು ಸಿಲಿಂಡರ್ ಒಂದು, ಎರಡು, ಮೂರು ಗೆರೆ ಓಡಿಸಿವೆ, ಅಷ್ಟೇ.

ಕಾಂಕ್ರೀಟಿಗೆ ಸಾಮಾನ್ಯವಾಗಿ 0.15ರಿಂದ 0.20 ಬರಬೇಕು. 0.18 ಅಂತಿಟ್ಟುಕೊಂಡರೆ ವ್ಯಾಸ ಹಿಗ್ಗೋದೇ ಎಂಟೂವರೆ ಮೈಕ್ರಾನ್, ಡಯಲ್ ಮೇಲೆ 17. ಅಲ್ಲಿಗೆ 0.001 ಮಿ.ಮೀ. ಡಯಲ್ ಹಾಕಿದರೂ ಒಂದು ಗೆರೆ ತಪ್ಪಿದರೆ ಶೇ. 6 ವ್ಯತ್ಯಾಸ. ಎಲ್‌ವಿಡಿಟಿ (ಸರಿತವನ್ನು ವಿದ್ಯುತ್ ಸಂಕೇತವಾಗಿ ಅಳೆಯೋ ಸೆನ್ಸರ್) ಇದ್ದರೆ ಒಳ್ಳೇದು, ಆದರೆ ಅದನ್ನು ರಿಂಗಿಗೇ ಕಟ್ಟಿ. ಮಷೀನ್ ಕಂಬಕ್ಕೆ ಸ್ಟ್ಯಾಂಡ್ ಹಾಕಿ ಒಂದೇ ಕಡೆಯಿಂದ ಅಳೆದರೆ ಸಿಲಿಂಡರ್ ಕೂದಲೆಳೆಯಷ್ಟು ಸರಿದದ್ದೂ ಹಿಗ್ಗಿನ ಲೆಕ್ಕಕ್ಕೆ ಸೇರಿಕೊಳ್ಳುತ್ತೆ.

ಪ್ಲಾಟನ್:
ಡಯಲ್ ಬದಲಿಸೋ ಮುಂಚೆ ಕಟ್ಟಿರೋದನ್ನೂ ನೋಡಿ. ರಿಂಗುಗಳ ಮಧ್ಯದ ಸ್ಪೇಸರ್ ಪಟ್ಟಿ ಬಿಚ್ಚದೆ ಲೋಡ್ ಕೊಡೋದು ಎಲ್ಲ ಕಡೆ ಆಗೋ ತಪ್ಪು. ನಡುವಿನ ರಿಂಗ್ ಸರಿಯಾಗಿ ಅರ್ಧ ಎತ್ತರದಲ್ಲೇ ಇರಬೇಕು: ತುದಿಗಳ ಹತ್ತಿರ ಪ್ಲೇಟಿನ ಘರ್ಷಣೆ ಸಿಲಿಂಡರ್ ಹಿಗ್ಗೋಕೆ ಬಿಡಲ್ಲ, ಅಲ್ಲಿ ಅಳೆದರೆ ಕಡಿಮೆ ಬರುತ್ತೆ. ಸ್ಕ್ರೂ ಮೊನೆ ಗಾಳಿ ತೂತಿನ ಮೇಲೆ ಕೂತಿದ್ದರೆ ಮೊದಲ ಲೋಡಿಗೇ ಒಳಗೆ ಇಳಿಯುತ್ತೆ. ಮೊದಲ ಸುತ್ತಿನ ರೀಡಿಂಗ್ ಬರೆದುಕೊಳ್ಳಬೇಡಿ ಅಂತ ಎಎಸ್‌ಟಿಎಂ ಸಿ469 (ಈ ಪರೀಕ್ಷೆಯ ಅಮೆರಿಕನ್ ಮಾನದಂಡ) ಹೇಳೋದು ಸುಮ್ಮನೆ ಅಲ್ಲ. ಕೂರೋದೆಲ್ಲ ಆ ಸುತ್ತಲ್ಲಿ ಕೂತುಬಿಡಲಿ. ಆಮೇಲೆ 50 ಮೈಕ್ರೋಸ್ಟ್ರೇನ್‌ನಿಂದ ಒಡೆಯೋ ಲೋಡಿನ ಶೇ. 40ರವರೆಗಿನ ವ್ಯತ್ಯಾಸ ಹಿಡಿಯಿರಿ, ಸೊನ್ನೆಯಿಂದ ಅಲ್ಲ.

ಕ್ಯೂಬ್_ಮೌಲ್ಡ್:
ಗೊತ್ತಾಯ್ತು ಸರ್, ಗೆರೆ ಲೆಕ್ಕ ಹೊಳೆದೇ ಇರಲಿಲ್ಲ. ಲ್ಯಾಬಲ್ಲಿ ಸ್ಟ್ರೇನ್ ಇಂಡಿಕೇಟರ್ ಇದೆ. 10 ಮಿ.ಮೀ. ಸ್ಟ್ರೇನ್ ಗೇಜ್ (ಮೇಲ್ಮೈಯ ಹಿಗ್ಗು-ಕುಗ್ಗು ಅಳೆಯೋ ತೆಳು ಪಟ್ಟಿ) ಅಂಟಿಸಿದರೆ ಆಗುತ್ತಾ?

ಬ್ರಿಡ್ಜ್_350:
ಆಗಲ್ಲ. ಗೇಜ್ ಉದ್ದ ಅತಿ ದೊಡ್ಡ ಜಲ್ಲಿಯ ಮೂರರಷ್ಟಾದರೂ ಇರಲಿ. 20 ಮಿ.ಮೀ. ಜಲ್ಲಿಗೆ 60 ಮಿ.ಮೀ. ಗೇಜ್. 10 ಮಿ.ಮೀ.ದು ಒಂದೇ ಜಲ್ಲಿಕಲ್ಲಿನ ಮೇಲೆ ಕೂತು ಆ ಕಲ್ಲಿನ ಸ್ಟ್ರೇನ್ ಹೇಳುತ್ತೆ. ಅರ್ಧ ಎತ್ತರದಲ್ಲಿ ಎದುರುಬದುರು ಎರಡು ಅಡ್ಡ, ಎರಡು ಉದ್ದ. ಉದ್ದದ ಎರಡು ಗೇಜ್ ತೀರಾ ಬೇರೆ ಬೇರೆ ತೋರಿಸಿದರೆ ಲೋಡ್ ಓರೆ ಬೀಳ್ತಿದೆ ಅಂತ, ಸಿಲಿಂಡರ್ ಮತ್ತೆ ಸೆಂಟರ್ ಮಾಡಿ.

ಅಂಟಿಸೋ ಜಾಗ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ತೆಳ್ಳಗೆ ಎಪಾಕ್ಸಿ ಬಳಿದು ತೂತು ಮುಚ್ಚಿ. ಮಾರನೇ ದಿನ ಅದನ್ನು ನುಣ್ಣಗೆ ಉಜ್ಜಿದ ಮೇಲೆ ಗೇಜ್. ನೀರಿಂದ ಈಗಷ್ಟೇ ತೆಗೆದ ಸಿಲಿಂಡರ್‌ಗೆ ಅಂಟು ಹಿಡಿಯಲ್ಲ, ಮೇಲ್ಮೈ ಒಣಗಬೇಕು. ಅದೇ ಕಾಂಕ್ರೀಟಿನ ಇನ್ನೊಂದು ತುಂಡಿಗೆ ಡಮ್ಮಿ ಗೇಜ್ ಅಂಟಿಸಿ, ಲೋಡ್ ಕೊಡದೆ ಪಕ್ಕದಲ್ಲೇ ಇಡಿ, ತಾಪಮಾನದಿಂದಾದ ಹಿಗ್ಗನ್ನು ಕಳೆಯೋಕೆ. ಕಾಂಕ್ರೀಟ್ ಒಂದು ಡಿಗ್ರಿಗೆ ಸುಮಾರು 10 ಮೈಕ್ರೋಸ್ಟ್ರೇನ್ ಹಿಗ್ಗುತ್ತೆ. ನೀವು ಹುಡುಕ್ತಿರೋ ಅಡ್ಡ ಸ್ಟ್ರೇನೇ 58 (320ರ 0.18ರಷ್ಟು).

ಮೈಕ್ರಾನ್_ಲೆಕ್ಕ:
ಒಂದು ಸೇರಿಸ್ತೀನಿ. ಗೇಜ್ ಪ್ಯಾಕೆಟ್ ಮೇಲೆ ಅಡ್ಡ ಸಂವೇದನೆ (ಗೇಜ್ ತನಗೆ ಅಡ್ಡಲಾಗಿರೋ ಸ್ಟ್ರೇನನ್ನೂ ಎಷ್ಟು ಹಿಡಿಯುತ್ತೆ ಅನ್ನೋದು) ಶೇಕಡಾದಲ್ಲಿ ಕೊಟ್ಟಿರ್ತಾರೆ. ಉದ್ದದ ಗೇಜಿಗೆ ಅದು ಲೆಕ್ಕಕ್ಕಿಲ್ಲ. ಅಡ್ಡ ಗೇಜಿಗೆ ಹಾಗಲ್ಲ, ಅದರ ಪಕ್ಕಕ್ಕೆ ಐದಾರು ಪಟ್ಟು ದೊಡ್ಡ ಸ್ಟ್ರೇನ್ ಇದೆ. ಸಂವೇದನೆ ಶೇ. 1 ಇದ್ದರೆ ಅಡ್ಡ ರೀಡಿಂಗ್ ಶೇ. 5ರಷ್ಟು ಕಮ್ಮಿ ಬರುತ್ತೆ, ಚಿಹ್ನೆ ಮೈನಸ್ ಆದರೆ ಜಾಸ್ತಿ.

ಬ್ರಿಡ್ಜ್_350:
ಹೌದು, ಬಿಟ್ಟುಹೋಗಿತ್ತು. ಇನ್ನೊಂದು: ವೈರ್ ಕೊಟ್ಟ ಮೇಲೆ ಪೆನ್ಸಿಲ್ ರಬ್ಬರ್‌ನಿಂದ ಗೇಜನ್ನು ಮೆಲ್ಲಗೆ ಒತ್ತಿ ಬಿಡಿ. ರೀಡಿಂಗ್ ಇದ್ದ ಜಾಗಕ್ಕೆ ವಾಪಸ್ ಬರದಿದ್ದರೆ ಅಡಿಯಲ್ಲಿ ಗಾಳಿಗುಳ್ಳೆ ಇದೆ, ಕಿತ್ತು ಹೊಸದು ಅಂಟಿಸಿ.