ಜಗಳ ಆದಮೇಲೆ ನಮ್ಮವರು ಮಾತು ಬಿಡ್ತಾರೆ, ಏನು ಮಾಡಲಿ?

ಪ್ರಶ್ನೆ: ಜಗಳ ಶುರುವಾದರೆ ನನಗೆ ಆಗಲೇ ಬಗೆಹರಿಯಬೇಕು. ನಮ್ಮವರು ಎದ್ದು ರೂಮಿಗೆ ಹೋಗಿಬಿಡ್ತಾರೆ. ಹಿಂದೆಯೇ ಹೋಗಿ ಕೇಳಿದರೆ ಇನ್ನೂ ಮೌನ. ಮೊದಲೆಲ್ಲ ಸಂಜೆಗೆ ಸರಿಹೋಗ್ತಿತ್ತು, ಈಗ ದಿನಗಟ್ಟಲೆ ಎಳೆಯುತ್ತೆ. ಇಂಥದ್ದನ್ನ ದಾಟಿ ಬಂದವರು ಏನು ಮಾಡಿದಿರಿ, ದಯವಿಟ್ಟು ಹೇಳಿ.

ಉತ್ತರ: ನಮ್ಮ ಮನೆಯಲ್ಲೂ ಇದೇ ಕತೆ ಇತ್ತು. ನೀವು ಹಿಂದೆ ಬಿದ್ದಷ್ಟೂ ಅವರು ದೂರ ಹೋಗ್ತಾರೆ, ಅವರು ದೂರ ಹೋದಷ್ಟೂ ನಿಮಗೆ ಹಿಂದೆ ಬೀಳಬೇಕು ಅನ್ನಿಸುತ್ತೆ. ಇದರಲ್ಲಿ ಮೈಯ ಪಾಲೂ ಇದೆ. ದಂಪತಿಗಳ ಜಗಳವನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳೋ ಪ್ರಕಾರ, ಜಗಳದ ಮಧ್ಯೆ ಎದೆಬಡಿತ ನಿಮಿಷಕ್ಕೆ 100 ದಾಟಿತು ಅಂದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯಲ್ಲ. ಅದು ತಣ್ಣಗಾಗೋಕೆ ಕನಿಷ್ಠ 20 ನಿಮಿಷ ಬೇಕು.

ಹಾಗಾಗಿ ಎದ್ದು ಹೋಗೋದನ್ನ ನಾವು ತಪ್ಪು ಅಂತ ಇಟ್ಟುಕೊಳ್ಳಲಿಲ್ಲ. ಹೋಗೋವಾಗ ವಾಪಸ್ ಬರೋ ಹೊತ್ತು ಹೇಳಿ ಹೋಗಬೇಕು, ಅಷ್ಟೇ ಕರಾರು. "ಈಗ ನನ್ನ ತಲೆ ಓಡ್ತಿಲ್ಲ, ಒಂಬತ್ತಕ್ಕೆ ಕೂತು ಮಾತಾಡೋಣ" ಅಂತಾರೆ ನಮ್ಮವರು. ಒಂಬತ್ತಕ್ಕೆ ಅವರೇ ಬಂದು, ಟಿವಿ ಆರಿಸಿ, ಫೋನ್ ಮಗುಚಿಟ್ಟು, "ಎಲ್ಲಿಗೆ ನಿಂತಿತ್ತು ಹೇಳು" ಅಂತ ಕೂರ್ತಾರೆ. ಎದ್ದು ಹೋದವರೇ ಬಂದು ಮಾತು ತೆಗೀಬೇಕು. ಇದನ್ನ ಮಾತ್ರ ಸಡಿಲ ಬಿಡಬೇಡಿ, ಇಲ್ಲದಿದ್ದರೆ ಮತ್ತೆ ಕರೆಯೋ ಕೆಲಸ ನಿಮ್ಮ ತಲೆಗೇ ಬರುತ್ತೆ. ಯಾವಾಗ ಅಂತ ಗೊತ್ತಿದ್ದರೆ ಕಾಯಬಹುದು ಕಣ್ರೀ. ಆ ಬಿಡುವಿನಲ್ಲಿ ಮುಂದಿನ ವಾದ ಕಟ್ಟುತ್ತಾ ಕೂತರೆ ಎದೆಬಡಿತ ಇಳಿಯೋದೇ ಇಲ್ಲ. ನಾನು ಬಟ್ಟೆ ಮಡಚ್ತೀನಿ.

ಉತ್ತರ: ನಾನು ಎದ್ದು ಹೋಗೋರ ಪೈಕಿ, ಅಕ್ಕ. ಹೊರಗಿಂದ ಕಲ್ಲಿನ ಹಾಗೆ ಕಂಡರೂ ಒಳಗೆ ಎದೆ ಢವಢವ ಅಂತಿರುತ್ತೆ. ಬಾಯಿ ಬಿಟ್ಟರೆ ಇನ್ನೇನು ಕೆಡುತ್ತೋ ಅನ್ನೋ ಭಯ. "ನೀವು ಯಾವಾಗಲೂ ಹೀಗೇ" ಅಂತ ಶುರುವಾದರೆ ಅಲ್ಲಿಗೆ ನನ್ನ ಕಿವಿ ಮುಚ್ಚುತ್ತೆ. ಒಮ್ಮೆ ನನ್ನ ಹೆಂಡತಿ, "ನಿನ್ನೆ ಲೇಟಾಗುತ್ತೆ ಅಂತ ಫೋನ್ ಮಾಡಲಿಲ್ಲ ನೀವು, ಬಾಗಿಲು ನೋಡ್ಕೊಂಡು ಒಬ್ಬಳೇ ಹೆದರಿಕೊಂಡು ಕೂತಿದ್ದೆ" ಅಂದಳು. ಎದ್ದು ಹೋಗೋಕೆ ಕಾಲೇ ಬರಲಿಲ್ಲ. ಶುರು ಹೇಗೆ ಅನ್ನೋದು ಅಷ್ಟು ಮುಖ್ಯ. 124 ಹೊಸ ದಂಪತಿಗಳ ಮೇಲೆ ಗಾಟ್‌ಮನ್ ಮತ್ತು ಸಿಬಿಲ್ ಕ್ಯಾರೆರ್ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಗಳದ ಮೊದಲ ಮೂರು ನಿಮಿಷದಲ್ಲೇ ಯಾರ ಮದುವೆ ಮುರಿಯಬಹುದು ಅನ್ನೋ ಸುಳಿವು ಸಿಕ್ಕಿತ್ತು.

ಉತ್ತರ: ನನ್ನದು ಅಮ್ಮನ ಜೊತೆ. ಅವಳಿಗೆ ಎಲ್ಲವನ್ನೂ ಮೊದಲೇ ಹೇಳಬೇಕು, ನನಗೆ ಎಲ್ಲ ಮುಗಿದಮೇಲೆ ಹೇಳಿ ಅಭ್ಯಾಸ. ವರ್ಷಗಳಿಂದ ಇದೇ ಜಗಳ. ಒಂದು ಸಲ ವಾದ ಬಿಟ್ಟು, "ಮೊದಲೇ ಹೇಳದಿದ್ದರೆ ನಿನಗೆ ಏನನ್ನಿಸುತ್ತೆ ಅಮ್ಮಾ?" ಅಂತ ಕೇಳಿ ಸುಮ್ಮನೆ ಕೂತೆ. ಅಪ್ಪನ ಕಾಯಿಲೆ ವಿಷಯ ಎಲ್ಲರಿಗಿಂತ ಕೊನೆಗೆ ತನಗೆ ತಿಳಿಸಿದ್ದರು ಅಂದಳು. ಅದುವರೆಗೆ ನನಗದು ಗೊತ್ತೇ ಇರಲಿಲ್ಲ. ಈಗಲೂ ಜಗಳ ಆಡ್ತೀವಿ. ದಂಪತಿಗಳ ಜಗಳಗಳಲ್ಲಿ ಶೇ. 69ರಷ್ಟು ಪೂರ್ತಿ ಬಗೆಹರಿಯೋದೇ ಇಲ್ಲ ಅಂತ ಗಾಟ್‌ಮನ್ ಲೆಕ್ಕವೇ ಇದೆ. ಅಮ್ಮ-ಮಗಳ ಮಧ್ಯೆಯೂ ಹಾಗೇ ಇರಬೇಕು. ಆದರೆ ಈಗ ಅವಳ ಸಿಟ್ಟಿನ ಹಿಂದೆ ಏನಿದೆ ಅಂತ ನನಗೆ ಕಾಣುತ್ತೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಹಾಗಾದರೆ ಆ ರಾತ್ರಿಯೇ ಮುಗಿಸಬೇಕಾ?

ಉತ್ತರ: ಬೇಡ. ನಿದ್ದೆಗಣ್ಣಲ್ಲಿ ಆಡಿದ ಮಾತೇ ಹೆಚ್ಚು ನೋಯಿಸೋದು. "ನಾಳೆ ಬೆಳಿಗ್ಗೆ ಮಾತಾಡೋಣ" ಅಂತ ಹೇಳಿ ಮಲಗಿ, ಬೆಳಿಗ್ಗೆ ಮಾತಾಡಿ. ಈ ಕರಾರಿನ ವಿಷಯವನ್ನ ಜಗಳ ಇಲ್ಲದ ದಿನ ತೆಗೀರಿ. ಇನ್ನೊಂದು: ನಿಮ್ಮನ್ನ ಬಗ್ಗಿಸೋಕೆ ಅಂತಲೇ ಅವರು ಮಾತು ಬಿಡ್ತಿದ್ದರೆ, ಅಥವಾ ಅವರ ಮುಂದೆ ಬಾಯಿ ತೆರೆಯೋಕೇ ನಿಮಗೆ ಹೆದರಿಕೆ ಆಗ್ತಿದ್ದರೆ, ನಾವು ಹೇಳಿದ್ದು ಯಾವುದೂ ಸಾಲದು. ಆಗ ಮೊದಲು ನೀವೊಬ್ಬರೇ ಹೋಗಿ ಒಬ್ಬ ಆಪ್ತಸಮಾಲೋಚಕರನ್ನ ಕಾಣಿ.