ಆಲ್ಬಮ್‌ನಲ್ಲಿದ್ದ ನಾಣ್ಯಗಳ ಮೇಲೆ ಹಸಿರು ಅಂಟು: ಹೊಸ ಆಲ್ಬಮ್ ಯಾವುದು ತಗೊಳ್ಳಲಿ?

ಕರಾವಳಿ_ಕಾಸು:
ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ಅಪ್ಪ ಕೂಡಿಟ್ಟ ನಾಣ್ಯಗಳು ಸ್ಟೇಷನರಿ ಅಂಗಡಿಯಲ್ಲಿ ತಂದ ಆಲ್ಬಮ್‌ನಲ್ಲಿವೆ. ಒಳಗೆ ಮೆತ್ತಗಿನ ಪ್ಲಾಸ್ಟಿಕ್ ಜೇಬುಗಳು. ಮಳೆಗಾಲ ಕಳೆದು ತೆರೆದು ನೋಡಿದರೆ ಟಿಪ್ಪುವಿನ ಆನೆ ಪೈಸೆ, 1957ರ ಕಂಚಿನ 1 ಪೈಸೆ, 1975ರ ಬಿಳಿ ರೂಪಾಯಿ, ಎಲ್ಲದರ ಮೇಲೂ ಹಸಿರು ಬಂದಿದೆ. ವಿಚಿತ್ರ ಅಂದ್ರೆ ಪಕ್ಕದಲ್ಲೇ ಇದ್ದ 1962ರ ರೂಪಾಯಿಗೆ ಏನೂ ಆಗಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಹೊಸ ಆಲ್ಬಮ್ ಯಾವುದು ತಗೊಳ್ಳಲಿ? ಎರಡೂ ಮುಖ ಕಾಣಬೇಕು, ಮನೆಗೆ ಬಂದವರಿಗೆ ತೋರಿಸುವ ಹಾಗೂ ಇರಬೇಕು.

ಹಳೇಬಿಲ್ಲೆ:
ಹುಣಸೆಹಣ್ಣು ಬೇಡವೇ ಬೇಡ. ಹಸಿರಿನ ಜೊತೆ ನಾಣ್ಯದ ಹಳೇ ಕಂದು ಬಣ್ಣವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ.

ಮೊದಲು ಎರಡು ವಿಷಯ ಹೇಳಿ. ಆಲ್ಬಮ್ ಪುಟ ಮೂಸಿದರೆ ಹೊಸ ರೇನ್‌ಕೋಟ್ ವಾಸನೆ ಬರುತ್ತದಾ? ಆ ಹಸಿರನ್ನು ಮರದ ಟೂತ್‌ಪಿಕ್ ತುದಿಯಿಂದ ಮೆಲ್ಲಗೆ ಮುಟ್ಟಿದರೆ ಜಿಗುಟಾಗಿ ಎಳೆದುಕೊಂಡು ಬರುತ್ತದಾ, ಪುಡಿಯಾಗಿ ಉದುರುತ್ತದಾ, ಅಥವಾ ಅಲ್ಲಾಡುವುದೇ ಇಲ್ಲವಾ?

ಕರಾವಳಿ_ಕಾಸು:
ವಾಸನೆ ಜೋರಾಗಿಯೇ ಇದೆ. ಹಸಿರು ಜಿಗುಟಾಗಿದೆ, ಆನೆಯ ಕಾಲುಗಳ ಸಂದಿಯಲ್ಲಿ ಜಾಸ್ತಿ ಕೂತಿದೆ.

ಹಳೇಬಿಲ್ಲೆ:
ಹಾಗಾದರೆ ಇದು ಪಿವಿಸಿ ಕೆಲಸ, ಅಂದರೆ ಆ ಮೆತ್ತಗಿನ ಜೇಬುಗಳ ಪ್ಲಾಸ್ಟಿಕ್‌ನದ್ದು. ಗಟ್ಟಿಯಾಗಿ ಕೂತ ಹಸಿರಾಗಿದ್ದರೆ ಹಳೇ ತಾಮ್ರಕ್ಕೆ ಸಹಜವಾಗಿ ಬರುವ ಪದರ ಅಂತ ಬಿಟ್ಟುಬಿಡಬಹುದಿತ್ತು. ತಿಳಿ ಹಸಿರು ಪುಡಿಯಾಗಿದ್ದರೆ ಅದು ಬ್ರಾಂಜ್ ಡಿಸೀಸ್, ಅಂದರೆ ತಾಮ್ರವನ್ನು ತಿನ್ನುತ್ತಲೇ ಹೋಗುವ ಒಂದು ಬಗೆಯ ತುಕ್ಕು, ಅದಕ್ಕೆ ಬೇರೆಯೇ ಚಿಕಿತ್ಸೆ.

ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಕಾಲಕ್ರಮೇಣ ಹೊರಗೆ ಒಸರುತ್ತದೆ. ಪ್ಲಾಸ್ಟಿಕ್ ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಅದು ತಾಮ್ರವನ್ನು ತಿನ್ನುತ್ತದೆ. ಸೆಕೆ, ತೇವ ಎರಡೂ ಇರುವ ನಿಮ್ಮೂರಿನಲ್ಲಿ ಈ ಕೆಲಸ ಬೇಗ ಆಗುತ್ತದೆ. 1975ರ ರೂಪಾಯಿ ಕ್ಯುಪ್ರೋ ನಿಕಲ್, ಬೆಳ್ಳಗೆ ಕಂಡರೂ ಮುಕ್ಕಾಲು ಪಾಲು ತಾಮ್ರ. 1962ರದ್ದು ಬರೀ ನಿಕಲ್, ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟುತ್ತದೆ. ಅದು ಪಾರಾಗಿದ್ದು ಅದಕ್ಕೇ.

ಇವತ್ತೇ ಎಲ್ಲವನ್ನೂ ಆಲ್ಬಮ್‌ನಿಂದ ಹೊರಗೆ ತೆಗೆಯಿರಿ. ಕೆಮಿಕಲ್ ಅಂಗಡಿಯಲ್ಲಿ ಶುದ್ಧ ಅಸಿಟೋನ್ ಸಿಗುತ್ತದೆ. ನೇಲ್ ಪಾಲಿಶ್ ರಿಮೂವರ್ ನಡೆಯುವುದಿಲ್ಲ, ಅದರಲ್ಲಿ ಪರಿಮಳ, ಎಣ್ಣೆ ಎಲ್ಲ ಇರುತ್ತದೆ. ಗಾಜಿನ ಬಟ್ಟಲೇ ಬೇಕು, ಕೆಲವು ಪ್ಲಾಸ್ಟಿಕ್ ಲೋಟಗಳು ಕರಗಿಹೋಗುತ್ತವೆ. ನಾಣ್ಯವನ್ನು ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಅಂಟು ಸಡಿಲವಾದ ಮೇಲೆ ಹತ್ತಿಯ ಕಡ್ಡಿಯನ್ನು ಮೇಲೆ ಉರುಳಿಸಿ. ತಿಕ್ಕಬೇಡಿ. ಆಮೇಲೆ ಇನ್ನೊಂದು ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ತಾನಾಗೇ ಒಣಗುತ್ತದೆ. ಕಿಟಕಿ ತೆರೆದಿರಲಿ, ಅಡುಗೆಮನೆ ಕಡೆ ಹೋಗಲೇಬೇಡಿ, ಬೆಂಕಿ ಹತ್ತಲು ಒಂದು ಕಿಡಿ ಸಾಕು. ಅಂಟಿನ ಕೆಳಗೆ ಲೋಹ ಆಗಲೇ ಗುಳಿ ಬಿದ್ದಿದ್ದರೆ ಅದು ಮಾತ್ರ ವಾಪಸ್ ಬರುವುದಿಲ್ಲ.

ಇನ್ನು ಆಲ್ಬಮ್. ಹೊರಗಿನ ರಟ್ಟು, ಚಿನ್ನದ ಅಕ್ಷರ ನೋಡಿ ಮರುಳಾಗಬೇಡಿ, ಒಳಗಿನ ಪ್ಲಾಸ್ಟಿಕ್ ಯಾವುದು ಅಂತ ಕೇಳಿ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಅಂತ ಬರೆದಿದ್ದರೆ ತಗೊಳ್ಳಿ. ಪಾಲಿಯೆಸ್ಟರ್ ಅಂದರೆ ನಾವೆಲ್ಲ ಮೈಲಾರ್ ಅನ್ನುವುದು. ಅಂಗಡಿಯವರು 'ಒಳ್ಳೇ ಕ್ವಾಲಿಟಿ' ಅಂತಷ್ಟೇ ಹೇಳಿದರೆ ಸುಮ್ನೆ ಬಂದುಬಿಡಿ. ಅನುಮಾನ ಇದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಪುಟದ ಮೂಲೆಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ ಅಂತಲೇ ಲೆಕ್ಕ. ಇದನ್ನು ಅಂಗಳದಲ್ಲಿ ಮಾಡಿ, ಹೊಗೆ ಕುಡಿಯಬೇಡಿ. ಅಸಿಟೋನ್ ಬಾಟಲಿ ಮನೆಯೊಳಗೇ ಇರಲಿ!

ನಾನು ಬಳಸುವುದು 2 ಇಂಚಿನ ಚೌಕದ, ನಾಣ್ಯ ಒಳಗಿಟ್ಟು ಮಡಚಿ ಸ್ಟೇಪಲ್ ಹೊಡೆಯುವ ರಟ್ಟಿನ ಹೋಲ್ಡರ್. ನಡುವೆ ಮೈಲಾರ್ ಕಿಟಕಿ, ಎರಡೂ ಮುಖ ಕಾಣುತ್ತವೆ. ಟಿಪ್ಪು ಪೈಸೆಯಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು, ಎರಡನ್ನೂ ತೋರಿಸಬೇಕಲ್ವಾ? ರಟ್ಟಿನ ಅಂಚಿನಲ್ಲಿ ವಿವರ ಬರೆಯಬಹುದು, ಆದರೆ ನಾಣ್ಯ ಹಾಕುವ ಮೊದಲೇ ಬರೆಯಿರಿ. ಇಂಥ 20 ಹೋಲ್ಡರ್ ಕೂರುವ ಪಾಲಿಪ್ರೊಪಿಲೀನ್ ಪುಟ ಸಿಗುತ್ತದೆ. ಬರೀ ಜೇಬಿನ ಆಲ್ಬಮ್‌ನಲ್ಲಿ ಹಗುರವಾದ 3 ಪೈಸೆ, 5 ಪೈಸೆಯ ಅಲ್ಯೂಮಿನಿಯಂ ನಾಣ್ಯಗಳು ಪುಟ ತಿರುಗಿಸಿದಾಗ ಜಾರಿ ನೆಲಕ್ಕೆ ಬೀಳುತ್ತವೆ.

ತೂಕದ ಲೆಕ್ಕವನ್ನೂ ನೋಡಿಕೊಳ್ಳಿ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂಥ 20 ಸೇರಿದರೆ ಒಂದೇ ಪುಟಕ್ಕೆ 233 ಗ್ರಾಂ. ಪುಟಗಳನ್ನು ಹಿಡಿಯುವ ರಿಂಗ್ ಗಟ್ಟಿ ಇರಬೇಕು, ಆಲ್ಬಮ್ ನಿಂತಿರಬೇಕು. ಒಂದರ ಮೇಲೊಂದು ಪೇರಿಸಬೇಡಿ.

ಪಾವಲಿ:
ಒಂದು ತಕರಾರಿದೆ. ಕರಾವಳಿಯಲ್ಲಿ ಸ್ಟೇಪಲ್ ಹೊಡೆಯುವ ಹೋಲ್ಡರ್ ಬೇಡ, ಪಿನ್ ತುಕ್ಕು ಹಿಡಿಯುತ್ತದೆ. ಪಿನ್ನಿನ ತುದಿ ಪಕ್ಕದ ನಾಣ್ಯವನ್ನೂ ಗೀರುತ್ತದೆ. ತಾನೇ ಅಂಟಿಕೊಳ್ಳುವ ಬಗೆ ಸಿಗುತ್ತದೆ, ಅದು ವಾಸಿ.

ಹಳೇಬಿಲ್ಲೆ:
ಗೀರುವ ಮಾತು ನಿಜ, ನಾನು ಇಕ್ಕಳದಿಂದ ಪಿನ್ ಒತ್ತಿ ಚಪ್ಪಟೆ ಮಾಡುತ್ತೇನೆ. ಅಂಟಿನದ್ದನ್ನು ಆಮೇಲೆ ಬಿಡಿಸುವುದು ಕಷ್ಟ ಅಂತ ನನಗೆ ಸ್ಟೇಪಲ್ಲೇ ಇಷ್ಟ. ಆದರೆ ಉಡುಪಿಯ ಮಳೆಗೆ ನಿಮ್ಮ ಮಾತೇ ಸರಿ.

ಕರಾವಳಿ_ಕಾಸು:
ಇಬ್ಬರಿಗೂ ಧನ್ಯವಾದ. ಒಂದು ಕಂಠೀರಾಯಿ ಹಣವೂ (ಹಳೇ ಮೈಸೂರಿನ ಚಿನ್ನದ ನಾಣ್ಯ) ಇದೆ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನೂ ಹೋಲ್ಡರ್‌ಗೇ ಹಾಕಲಾ?

ಪಾವಲಿ:
ಬೇಡ. ಅಷ್ಟು ಚಿಕ್ಕ ಚಿನ್ನದ ನಾಣ್ಯ ದೊಡ್ಡ ಕಿಟಕಿಯಲ್ಲಿ ಅತ್ತಿತ್ತ ಜಾರುತ್ತದೆ, ತೆಗೆಯುವಾಗ ಎಗರಿ ಹೋದರೆ ಹುಡುಕಲೂ ಆಗುವುದಿಲ್ಲ. ಅಕ್ರಿಲಿಕ್ ಕ್ಯಾಪ್ಸೂಲ್ ತಗೊಳ್ಳಿ, ಒಳಗೆ ಅಳತೆಗೆ ತಕ್ಕ ಫೋಮ್ ರಿಂಗ್ ಇರಲಿ. ಫೋಮ್ ಕೂಡ ಪಿವಿಸಿ ಆಗಿರಬಾರದು. ಬಂದವರಿಗೆ ತೋರಿಸಲು ಇಂಥ ನಾಲ್ಕೈದು ಕ್ಯಾಪ್ಸೂಲ್ ಒಂದು ಟ್ರೇನಲ್ಲಿದ್ದರೆ ಸಾಕು, ಆಲ್ಬಮನ್ನು ಪದೇ ಪದೇ ತೆರೆಯುವ ಕೆಲಸವೂ ತಪ್ಪುತ್ತದೆ.

ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಿಸುವ ಬಗೆಯದ್ದು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ನುಸಿಗುಳಿಗೆ ಅಲ್ಲಿಂದ ತೆಗೆದುಬಿಡಿ. ಬೆಳ್ಳಿ ರೂಪಾಯಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರೆ ಅದನ್ನೂ ತೆಗೆಯಿರಿ, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕರಾವಳಿ_ಕಾಸು:
ರಬ್ಬರ್ ಬ್ಯಾಂಡ್ ಇದೆ! ಈಗಲೇ ತೆಗೆಯುತ್ತೇನೆ. ಅಸಿಟೋನ್ ತಂದು ಮೊದಲು 1975ರ ರೂಪಾಯಿಗೆ ಹಾಕಿ ನೋಡಿ, ಆಮೇಲೆ ಟಿಪ್ಪು ಪೈಸೆಗೆ ಕೈ ಹಾಕುತ್ತೇನೆ.