ಮದನಿಕೆಯ ಅಂಚಿಗೆ ಬಿಳಿ ಗೆರೆ, ನೆರಳಿನಲ್ಲಿ ರವೆ: ಶಾರ್ಪನಿಂಗ್ ಕುರಿತು ಒಂದು ಪ್ರಶ್ನೆ

ಹೇಮಾವತಿ_ದಡ (ಹಾಸನ):
ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೋಡೆಯ 38 ಮದನಿಕೆಯರ ಚಿತ್ರಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೇನೆ. ಮೋಡ ಕವಿದ ದಿನ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) 1600ರಲ್ಲಿ ತೆಗೆದವು ಮಂಕಾಗಿದ್ದುದರಿಂದ ಅನ್‌ಶಾರ್ಪ್ ಮಾಸ್ಕ್ ಎಂಬ, ಚಿತ್ರವನ್ನು ಹರಿತಗೊಳಿಸುವ (ಶಾರ್ಪನಿಂಗ್) ಫಿಲ್ಟರ್ ಬಳಸಿದೆ. ಬಳಪದ ಕಲ್ಲಿನಲ್ಲಿ ಕೊರೆದ ಸರದ ಮಣಿಗಳು ಎದ್ದು ಬಂದವು ನಿಜ. ಆದರೆ ಆಕಾಶ ಹಿನ್ನೆಲೆಗೆ ಬಂದಿರುವ ಮೊಣಕೈಯ ಸುತ್ತ ಸುಣ್ಣ ಬಳಿದಂತೆ ಬಿಳಿ ಗೆರೆ ಮೂಡಿತು, ಸೂರಿನ ಕೆಳಗಿನ ನೆರಳಿನಲ್ಲಿ ರವೆ ಚೆಲ್ಲಿದ ಹಾಗೆ ನಾಯ್ಸ್ (ಚಿತ್ರದಲ್ಲಿನ ಅನಗತ್ಯ ಚುಕ್ಕೆಗಳು) ಕಾಣಿಸಿತು. ಅಮೌಂಟ್ (ಹರಿತಗೊಳಿಸುವ ಪ್ರಮಾಣ) ಇಳಿಸಿದರೆ ಮಣಿಗಳೂ ಮಸುಕಾಗುತ್ತವೆ. ಅಡಾಪ್ಟಿವ್ ಶಾರ್ಪನಿಂಗ್ ಇದಕ್ಕೆ ಪರಿಹಾರವೇ? ಅದು ಒಳಗೆ ಮಾಡುವುದೇನೆಂದು ಬಲ್ಲವರು ದಯವಿಟ್ಟು ತಿಳಿಸಿ.

ಗಿರಿಮಂಜು (ಚಿಕ್ಕಮಗಳೂರು):
ಎರಡೂ ತೊಂದರೆಗಳ ಬೇರು ಒಂದೇ. ಅನ್‌ಶಾರ್ಪ್ ಮಾಸ್ಕ್ ಮೂಲ ಚಿತ್ರದಿಂದ ಅದರ ಮಸುಕು ಪ್ರತಿಯನ್ನು ಕಳೆದು, ಉಳಿದ ವ್ಯತ್ಯಾಸವನ್ನು ಇಡೀ ಚಿತ್ರಕ್ಕೆ ಒಂದೇ ಗುಣಕದಿಂದ ಹೆಚ್ಚಿಸಿ ಮೂಲಕ್ಕೆ ಕೂಡಿಸುತ್ತದೆ. (ಡಾರ್ಕ್‌ರೂಮ್ ಕಾಲದಲ್ಲಿ ನೆಗೆಟಿವ್‌ಗೆ ಅದರದೇ ಮಸುಕಾದ ಪಾಸಿಟಿವ್ ಜೋಡಿಸಿ ಇದನ್ನೇ ಮಾಡುತ್ತಿದ್ದರು, ಹೆಸರು ಬಂದದ್ದೂ ಅಲ್ಲಿಂದಲೇ.) ಮೊಣಕೈ ಪಕ್ಕದ ಆಕಾಶದ ಪಿಕ್ಸೆಲ್‌ನ ಹೊಳಪು (0ಯಿಂದ 255ರ ಅಳತೆಯಲ್ಲಿ) 200 ಇದ್ದು, ಮಸುಕು ಪ್ರತಿಯಲ್ಲಿ ಅದು 165 ಆಗಿದೆ ಎನ್ನಿ. ವ್ಯತ್ಯಾಸ 35, ಅಮೌಂಟ್ 150 ಶೇಕಡಾ ಇದ್ದರೆ ಸುಮಾರು 52 ಕೂಡಿ 252 ಆಗುತ್ತದೆ. ನಿಮ್ಮ ಸುಣ್ಣದ ಗೆರೆ ಅದೇ. ನೆರಳಿನಲ್ಲಿ 4ರಷ್ಟಿದ್ದ ನಾಯ್ಸ್‌ಗೂ ಅದೇ ಗುಣಕ ತಗುಲಿ ಅದು 10 ಆಗುತ್ತದೆ.

ಅಡಾಪ್ಟಿವ್ ವಿಧಾನದಲ್ಲಿ ಗುಣಕ ಪ್ರತಿ ಪಿಕ್ಸೆಲ್‌ಗೂ ಬದಲಾಗುತ್ತದೆ. ಸುತ್ತಲಿನ 5×5 ಅಥವಾ 7×7 ಕಿಟಕಿಯಲ್ಲಿ ಮೌಲ್ಯಗಳು ಎಷ್ಟು ಏರಿಳಿಯುತ್ತವೆ ಎಂಬುದನ್ನು, ಅಂದರೆ ವೇರಿಯನ್ಸ್ ಅನ್ನು, ಅಳೆದು, ಸಪಾಟಾದ ಜಾಗಕ್ಕೆ ಸೊನ್ನೆ, ಮಣಿ-ಬಳೆಗಳಂತಹ ನಡುಮಟ್ಟದ ವಿವರಕ್ಕೆ ಅತಿ ಹೆಚ್ಚು, ಈಗಾಗಲೇ ಕಡಿದಾಗಿರುವ ಅಂಚಿಗೆ ಮತ್ತೆ ಕಡಿಮೆ ಗುಣಕ ಕೊಡಲಾಗುತ್ತದೆ. ಸಂಶೋಧಕರಾದ ಪೊಲೆಸೆಲ್, ರಾಂಪೋನಿ ಮತ್ತು ಮ್ಯಾಥ್ಯೂಸ್ 2000ರಲ್ಲಿ ಪ್ರಕಟಿಸಿದ ವಿಧಾನದ ತಿರುಳೂ ಇದೇ. ಬಿಳಿ ಗೆರೆಯನ್ನು ಪೂರ್ತಿ ತಡೆಯಬೇಕಿದ್ದರೆ, ಹೊಸ ಮೌಲ್ಯವು ಆ ಕಿಟಕಿಯೊಳಗಿನ ಗರಿಷ್ಠ-ಕನಿಷ್ಠಗಳನ್ನು ದಾಟದಂತೆ ಕಟ್ಟುಹಾಕಿ.

ಬಯಲುಸೀಮೆ_ಕಣ್ಣು:
ಮೇಲಿನ ವಿವರಣೆ ಸರಿ, ಆದರೆ ವೇರಿಯನ್ಸ್ ಒಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಐಎಸ್‌ಒ 1600ರ ನಾಯ್ಸ್‌ಗೂ ಸಣ್ಣ ಉಳಿಗೆರೆಗೂ ಏರಿಳಿತದ ಪ್ರಮಾಣ ಒಂದೇ ಇರಬಹುದು, ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಉಳಿಗೆರೆ ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಒಂದೇ ದಿಕ್ಕಿಗೆ ಸಾಗುತ್ತದೆ, ನಾಯ್ಸ್‌ಗೆ ದಿಕ್ಕೇ ಇಲ್ಲ. ಆದ್ದರಿಂದ ಗ್ರೇಡಿಯೆಂಟ್‌ನ (ಹೊಳಪಿನ ಏರಿಳಿತದ) ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾ ಫೈಲ್‌ನಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಕಡತ) ಆರಂಭಿಸಿ, ನಾಯ್ಸ್ ಇಳಿಸಿದ ಮೇಲೆಯೇ ಶಾರ್ಪನ್ ಮಾಡಿ, ಅದೂ ಹೊಳಪನ್ನೂ ಬಣ್ಣವನ್ನೂ ಬೇರ್ಪಡಿಸುವ ಲ್ಯಾಬ್ ವಿಧಾನದ ಎಲ್ ಚಾನೆಲ್‌ನಲ್ಲಿ (ಹೊಳಪಿನ ಭಾಗ) ಮಾತ್ರ. ಹಾಗೆ ಮಾಡಿದರೆ ಅಂಚುಗಳಲ್ಲಿ ಬಣ್ಣ ಒಸರುವುದಿಲ್ಲ. ಜೆಪೆಗ್ ಆದರೆ, ಸಂಕುಚಿಸುವಾಗ ಚಿತ್ರ ಹಂಚಿಹೋದ 8×8 ಪಿಕ್ಸೆಲ್ ಚೌಕಗಳ ಗಡಿಗಳೂ ಹರಿತವಾಗಿ ಕಾಣತೊಡಗುತ್ತವೆ.

ಹೇಮಾವತಿ_ದಡ (ಹಾಸನ):
ಇಬ್ಬರಿಗೂ ಧನ್ಯವಾದಗಳು. ದರ್ಪಣಸುಂದರಿಯ ಚಿತ್ರದ ಮೇಲೆ ಪ್ರಯತ್ನಿಸಿದೆ. ಬಿಳಿ ಗೆರೆ ಹೋಯಿತು, ಕನ್ನಡಿಯ ಅಂಚು ಚೊಕ್ಕವಾಯಿತು. ನಾಯ್ಸ್‌ನ ಮಟ್ಟವನ್ನು ಆಕಾಶದ ತುಣುಕೊಂದರಿಂದ ಅಳೆದು, ಅದಕ್ಕಿಂತ ಕಡಿಮೆ ಏರಿಳಿತವನ್ನು ಹರಿತಗೊಳಿಸದಂತೆ ಮಿತಿಯಾಗಿ ಕೊಟ್ಟಿದ್ದೆ. ಆದರೂ ನೆರಳಿನ ರವೆ ಪೂರ್ತಿ ಹೋಗಿಲ್ಲ.

ಗಿರಿಮಂಜು (ಚಿಕ್ಕಮಗಳೂರು):
ತಪ್ಪಿರುವುದು ಅಳೆದ ಜಾಗದಲ್ಲಿ. ಬೆಳಕು ಕಡಿಮೆಯಾದಷ್ಟೂ ಸಂಕೇತಕ್ಕೆ ಹೋಲಿಸಿದರೆ ನಾಯ್ಸ್‌ನ ಪಾಲು ದೊಡ್ಡದು, ಗಾಮಾ ತಿದ್ದುಪಡಿ (ಹೊಳಪನ್ನು ಕಣ್ಣಿಗೆ ಒಗ್ಗುವಂತೆ ಹೊಂದಿಸುವ ಹಂತ) ನೆರಳನ್ನು ಮೇಲೆತ್ತುವಾಗ ಅದನ್ನೂ ಎತ್ತುತ್ತದೆ; ಹಾಗಾಗಿ ಆಕಾಶದ ಅಳತೆ ನೆರಳಿಗೆ ಸಾಲದು. ಸೂರಿನ ಕೆಳಗೆ ಕೆತ್ತನೆಯಿಲ್ಲದ ಕಲ್ಲಿನ ಒಂದು ತುಣುಕನ್ನು ಆರಿಸಿ ಅಲ್ಲಿ ಅಳೆಯಿರಿ, ಮಿತಿಯನ್ನು ಹೊಳಪಿಗೆ ತಕ್ಕಂತೆ ಬದಲಾಗುವಂತೆ ಕೊಡಿ. ರೇಡಿಯಸ್ (ಮಸುಕು ಪ್ರತಿಯ ಮಸುಕಿನ ಹರವು) 1 ಪಿಕ್ಸೆಲ್ ದಾಟದಿರಲಿ, ಪರದೆಯಲ್ಲಿ 100 ಶೇಕಡಾ ಹಿಗ್ಗಿಸಿಯೇ ನೋಡಿ.